ನಾನು ‘ಶಾಂತಿ’ ಎಂದು ಹೆಸರಿಟ್ಟ ಹೆಂಗಸು

“ಮಮ್ಮಾ, ಡಿಡ್ ಯು ರೈಟ್ ದಟ್ ಜಮೀಲಾ ಆಂಟಿ ಶುಡ್ ಡೈ?”

ಕಾರಿನ ಹಿಂದಿನ ಸೀಟಿನಿಂದ ಬಂದ ಪ್ರಶ್ನೆ. ಕೇಳಿದವನು ನನ್ನ ಮಗ ರಯಾನ್, ವಯಸ್ಸು ಹನ್ನೆರಡು. ಆಗಷ್ಟೇ ಟ್ಯೂಷನ್ ಮುಗಿಸಿ ಬಂದು ಕೂತಿದ್ದ. ಸಾಲ್ಮಿಯಾದ ಸಿಗ್ನಲ್ಲಿನಲ್ಲಿ ದೀಪ ಹಸಿರಾಯಿತು. ನಾನು ಗಾಡಿ ತೆಗೆಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. (ಕುವೈತಿನಲ್ಲಿ ದೀಪ ಹಸಿರಾಗುವುದಕ್ಕೆ ಮೊದಲೇ ಹಾರ್ನ್ ಕೇಳಿಸುತ್ತದೆ. ಅಂದು ಮಾತ್ರ ತಪ್ಪು ನನ್ನದೇ.)

“ಯಾರು ಹೇಳಿದ್ದು ಪುತಾ ನಿನಗೆ?”

“ಫಾತಿಮಾಸ್ ಮಾಮ್ ರೆಡ್ ಇಟ್. ಎವ್ರಿಬಡಿ ನೋಸ್.”

“ನಾನು ಜಮೀಲಾ ಆಂಟಿಯ ಹೆಸರೇ ಬರೆದಿಲ್ಲ.”

“ಸೋ ಯು ರೋಟ್ ಇಟ್,” ಎಂದ.

ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರೆ ನಮ್ಮ ಕನ್ನಡ ಓದುವುದಿಲ್ಲ, ಅಷ್ಟರಮಟ್ಟಿಗೆ ನಾವು ಕ್ಷೇಮ ಎಂದುಕೊಂಡಿದ್ದೆ. ತಪ್ಪು ಲೆಕ್ಕ.

ನಿಮಗೆ ನೆನಪಿರಬಹುದು. ಎರಡು ತಿಂಗಳ ಹಿಂದೆ ಇದೇ ಜಾಗದಲ್ಲಿ ದಯಾಮರಣದ ಬಗ್ಗೆ ಬರೆದಿದ್ದೆ. ಆಗ ಊರಿನ ಪತ್ರಿಕೆಗಳ ತುಂಬ ಅದೇ ಚರ್ಚೆ. ಟಿವಿಯಲ್ಲಿ ವಕೀಲರು, ಡಾಕ್ಟರರು, ಸ್ವಾಮಿಗಳು, ಪಾದ್ರಿಗಳು. ನಾನೂ ಒಂದು ಮಾತು ಹೇಳಬೇಡವೇ? ಹೇಳಿದೆ. ‘ಶಾಂತಿ’ ಎಂಬ ಹೆಂಗಸಿನ ಕಥೆ ಹೇಳಿದೆ. ಅಪಘಾತದಲ್ಲಿ ಕುತ್ತಿಗೆಯ ಮೂಳೆ ಮುರಿದು, ಕತ್ತಿನಿಂದ ಕೆಳಗೆ ಏನೂ ಅಲುಗದೆ, ಆರು ವರ್ಷದಿಂದ ಛಾವಣಿ ನೋಡುತ್ತಾ ಮಲಗಿರುವ ಗೆಳತಿ. ಆಕೆ ನನ್ನ ಕೈ ನೋಡುತ್ತಾ (ಹಿಡಿಯಲಾರಳಲ್ಲ) “ಹೀಗೆ ಇರುವುದಕ್ಕಿಂತ ಸಾಯುವುದೇ ವಾಸಿ” ಎಂದದ್ದು. ಕೊನೆಗೆ ನಾನು ಕೇಳಿದ ಪ್ರಶ್ನೆ: ಹೋಗಬೇಕೆನ್ನುವವರನ್ನು ಬಾಗಿಲು ಹಾಕಿ ಕೂಡಿಹಾಕುವ ಹಕ್ಕು ನಮಗೆ ಯಾರು ಕೊಟ್ಟರು?

ನೀವೆಲ್ಲ ಬಹಳ ಮೆಚ್ಚಿದಿರಿ. ಈ ಅಂಕಣಕ್ಕೆ ಅಷ್ಟು ಪತ್ರ ಯಾವತ್ತೂ ಬಂದಿರಲಿಲ್ಲ. ಒಬ್ಬರು ಅತ್ತೆನೆಂದು ಬರೆದರು. ಇನ್ನೊಬ್ಬರು, ‘ಕ್ಯಾಥೊಲಿಕ್ ಹೆಣ್ಣುಮಗಳಾಗಿಯೂ ಇಷ್ಟು ಧೈರ್ಯವಾಗಿ ಬರೆದಿರಿ’ ಎಂದರು. ಅದನ್ನು ನನ್ನ ಗಂಡನಿಗೆ ಎರಡು ಸಲ ಓದಿ ಹೇಳಿದೆ.

ಶಾಂತಿ ಯಾರೆಂದು ಈಗ ಗೊತ್ತಾಯಿತಲ್ಲ? ಜಮೀಲಾ. ನಮ್ಮ ಮನೆಯಿಂದ ಎರಡು ಬ್ಲಾಕ್ ಆಚೆ, ಮೂರನೆಯ ಮಹಡಿ. ಬಂಟ್ವಾಳ ಕಡೆಯ ಬ್ಯಾರಿ ಮನೆತನ. ಗಂಡ ಇಸ್ಮಾಯಿಲ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಸ್ಟೋರ್ ಕೀಪರ್. ನನ್ನ ಮನೆಯ ಕೊಂಕಣಿ ಆಕೆಗೆ ಬಾರದು, ಆಕೆಯ ಬ್ಯಾರಿ ನನಗೆ ಬಾರದು. ನಮ್ಮಿಬ್ಬರ ನಡುವೆ ಇರುವುದು ಮಂಗಳೂರಿನ ಕನ್ನಡವೇ.

ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಆದರೆ ಸಣ್ಣಪುಟ್ಟ ವಿವರ ಗಮನಿಸುವ ಅಭ್ಯಾಸ ನನಗೆ. ನೀವೇ ಹೊಗಳಿ ಹಾಳುಮಾಡಿದ್ದೀರಿ. ಹಾಗಾಗಿ ಕನ್ನಡಕ ಜಾರದಂತೆ ಕಿವಿಯ ಹಿಂದೆ ಕಟ್ಟಿದ ಹಸಿರು ಇಲಾಸ್ಟಿಕ್ ಬಗ್ಗೆ ಬರೆದೆ. ಹಲ್ಲಿನಲ್ಲಿ ಪೆನ್ಸಿಲ್ ಕಚ್ಚಿ, ಅದರ ಹಿಂಬದಿಯ ರಬ್ಬರಿನಿಂದ ಕಂಪ್ಯೂಟರಿನ ಕೀ ಒತ್ತುವುದನ್ನು ಬರೆದೆ. ಇಡೀ ಸಾಲ್ಮಿಯಾದಲ್ಲಿ ಅಂಥವರು ಎಷ್ಟು ಮಂದಿ ಇದ್ದಾರು?

ಆ ದಿನ ಕಾರಿನಲ್ಲಿ ರಯಾನ್ ಇನ್ನೊಂದು ಮಾತು ಹೇಳಿದ. “ಯು ಸೆಡ್ ಶಿ ಓನ್ಲಿ ಲುಕ್ಸ್ ಅಟ್ ದ ಸೀಲಿಂಗ್. ಶಿ ಕ್ಯಾಚಸ್ ಎವ್ರಿ ಮಿಸ್ಟೇಕ್ ಆಫ್ ಮೈನ್, ಮಮ್ಮಾ.”

ಹೌದು. ಅವನು ಟ್ಯೂಷನ್ನಿಗೆ ಹೋಗುವುದು ಜಮೀಲಾಳ ಹತ್ತಿರವೇ. ಅಪಘಾತಕ್ಕೆ ಮೊದಲು ಆಕೆ ಇಲ್ಲಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಈಗ ಸಂಜೆ ನಾಲ್ಕಕ್ಕೆ ಹನ್ನೊಂದು ಮಕ್ಕಳು ಆಕೆಯ ಮಂಚದ ಸುತ್ತ ಕಾರ್ಪೆಟ್ ಮೇಲೆ ಕೂರುತ್ತಾರೆ. ಭಿನ್ನರಾಶಿ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ನನ್ನ ಮಗ ಇವತ್ತು ಬೀಜಗಣಿತ ಮಾಡುತ್ತಾನಲ್ಲ, ಅದು ಅಲ್ಲಿನ ಫಲ.

ಇದನ್ನು ನಾನು ಲೇಖನದಲ್ಲಿ ಬರೆದಿದ್ದೆನೇ? ಇಲ್ಲ. ಬರೆದರೆ ನಿಮಗೆ ಅಳು ಬರುತ್ತಿತ್ತೇ?

“ಆಂಟಿ ಏನಾದರೂ ಹೇಳಿದರಾ?” ಎಂದು ಕೇಳಿದೆ.

“ನೋ. ಶಿ ವಾಸ್ ಕಾಫಿಂಗ್ ಅ ಲಾಟ್. ಶಿ ಸೆಂಟ್ ಅಸ್ ಅರ್ಲಿ.”

ಅದು ಬುಧವಾರ. ನಾಳೆಯೇ ಹೋಗಿ ಮಾತಾಡಬೇಕು ಎಂದುಕೊಂಡೆ. ಗುರುವಾರ, ಬರಿಗೈಯಲ್ಲಿ ಹೇಗೆ ಹೋಗುವುದು, ಕೇಕ್ ಮಾಡಿಕೊಂಡು ಹೋಗೋಣ ಎಂದುಕೊಂಡೆ. ಮೊಟ್ಟೆ ಇರಲಿಲ್ಲ. (ಮೊಟ್ಟೆ ಸಿಗುವ ಅಂಗಡಿ ನಮ್ಮ ಕಟ್ಟಡದ ಕೆಳಗೇ ಇದೆ.) ನಮ್ಮ ಕಾನ್ವೆಂಟಿನಲ್ಲಿ ಮೊದಲ ಶುಕ್ರವಾರ ಕಿತ್ತಳೆ ಹಿಡಿದು ರೋಗಿಗಳನ್ನು ನೋಡಲು ಕರೆದೊಯ್ಯುತ್ತಿದ್ದರು. ಮಂಚದ ಪಕ್ಕ ನಿಂತು, ಧ್ವನಿ ತಗ್ಗಿಸಿ, “ಪಾಪ” ಅನ್ನುವುದು ನಮಗೆ ಬಹಳ ಚೆನ್ನಾಗಿ ಬರುತ್ತಿತ್ತು. ಮಂಚದ ಪಕ್ಕ ನಿಂತು “ನನ್ನದು ತಪ್ಪಾಯಿತು” ಅನ್ನುವುದನ್ನು ಯಾರೂ ಕಲಿಸಲಿಲ್ಲ.

ಶುಕ್ರವಾರ ಇಲ್ಲಿ ವಾರದ ರಜೆ. ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಅಡಿಗೆಗೆ ನಿಂತಿದ್ದೆ. ಹನ್ನೊಂದು ಗಂಟೆ. ಸಾರಿನ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹಾಕಿದ್ದೆ. ಫೋನ್ ಬಂತು. ಇಸ್ಮಾಯಿಲ್.

“ಗ್ಲಾಡಿಸಕ್ಕ, ನಾನು ಆಸ್ಪತ್ರೆಯಲ್ಲಿದ್ದೇನೆ. ಜಮೀಲಾಗೆ ನ್ಯುಮೋನಿಯಾ. ಉಸಿರು ಸಾಲುದಿಲ್ಲ. ಅವಳಿಗೆ ಎಚ್ಚರ ಸರಿ ಇಲ್ಲ, ಕೇಳಿದ್ರೆ ಉತ್ತರ ಬರುದಿಲ್ಲ. ಡಾಕ್ಟರು ಗಂಟಲಿಗೆ ಪೈಪ್ ಹಾಕಿ ಮೆಷಿನಿಗೆ ಇಡ್ಬೇಕಾ ಅಂತ ಕೇಳ್ತಿದ್ದಾರೆ. ಇಟ್ರೆ ತೆಗೀಲಿಕ್ಕೆ ಆಗ್ತದಾ ಇಲ್ವಾ ಹೇಳ್ಲಿಕ್ಕೆ ಆಗುದಿಲ್ಲ, ಯೋಚನೆ ಮಾಡಿ ಹೇಳಿ ಅಂತ.”

“ದೇವರೇ.”

“ನನ್ನ ಅಣ್ಣ ಬಂದಿದ್ದಾರೆ ಸಬ್ಹಾನಿಂದ. ಅವರು ಹೇಳುದು, ಬೇಡ, ಹಿಂಸೆ ಕೊಡ್ಬೇಡ, ಅವಳೇ ಸಾಕು ಅಂತ ಹೇಳಿದ್ದಾಳಲ್ಲ, ಪೇಪರಲ್ಲೇ ಬಂದಿದೆಯಲ್ಲ ಅಂತ.” ಆಮೇಲೆ ಕೇಳಿದರು. “ಗ್ಲಾಡಿಸಕ್ಕ, ನನ್ನತ್ರ ಯಾವತ್ತೂ ಹೇಳಿಲ್ಲ ಅವಳು. ನಿಮ್ಮತ್ರ ನಿಜವಾಗಿಯೂ ಹೇಳಿದ್ಳಾ? ಸಾಯ್ಬೇಕು ಅಂತ?”

ಸಾಸಿವೆ ಸಿಡಿಯತೊಡಗಿತು. ಸಿಡಿದು ಸಿಡಿದು ನಿಂತಿತು. ಕಪ್ಪಾಯಿತು. ಹೊಗೆ ಬಂತು.

“ಗ್ಲಾಡಿಸಕ್ಕ?”

“ಲಿಫ್ಟ್ ಕೆಟ್ಟಿತ್ತು ಇಸ್ಮಾಯಿಲ್,” ಎಂದೆ.

“ಎಂತ?”

“ನಿಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತಲ್ಲ, ಆಗ ಹೇಳಿದ್ದು. ಲಿಫ್ಟಿಗೋಸ್ಕರ ಹೇಳಿದ್ದು. ಮೆಷಿನ್ ಹಾಕಿಸಿ. ಈಗಲೇ ಹಾಕಿಸಿ.”

ಅವರು ಫೋನ್ ಇಟ್ಟರು.

ನಡೆದದ್ದು ಇಷ್ಟು. ಲೇಖನಕ್ಕೆ ಸ್ವಲ್ಪ ಮೊದಲು, ಬೇಸಿಗೆಯಲ್ಲಿ, ಜಮೀಲಾಳ ಕಟ್ಟಡದ ಲಿಫ್ಟ್ ಏಳು ವಾರ ಕೆಟ್ಟು ನಿಂತಿತ್ತು. ಆಕೆಗೆ ಒಂದು ಎಲೆಕ್ಟ್ರಿಕ್ ಗಾಲಿಕುರ್ಚಿ ಇದೆ, ಗಲ್ಲದಿಂದ ನಡೆಸುವಂಥದ್ದು. ಅದರಲ್ಲಿ ದಿನಾ ಸಂಜೆ ಮಕ್ಕಳು ಹೋದ ಮೇಲೆ ಸಮುದ್ರದ ದಂಡೆಗೆ ಹೋಗುತ್ತಾಳೆ. ಇಸ್ಮಾಯಿಲ್ ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲಿ ಒಬ್ಬ ಈಜಿಪ್ಟಿನವನು ಸುಟ್ಟ ಜೋಳ ಮಾರುತ್ತಾನೆ, ಆಕೆಯನ್ನು “ಉಸ್ತಾದಾ” ಎಂದು ಕರೆಯುತ್ತಾನೆ, ಟೀಚರಮ್ಮ ಅಂತ. ಆ ಕುರ್ಚಿಯ ಭಾರ ನಾಲ್ಕು ಗಂಡಸರು ಸೇರಿದರೂ ಮೆಟ್ಟಿಲಿಳಿಸಲಾಗದ್ದು. ಏಳು ವಾರ ಆಕೆ ಮೂರನೆಯ ಮಹಡಿಯಲ್ಲೇ ಉಳಿದಳು. ಕಟ್ಟಡದ ಹಾರಿಸ್, ಎಂದರೆ ಕಾವಲುಗಾರ, ಕೇಳಿದಾಗಲೆಲ್ಲ “ಬುಕ್ರಾ, ಇನ್ಶಾ ಅಲ್ಲಾಹ್” ಅನ್ನುತ್ತಿದ್ದ. ನಾಳೆ, ನಾಳೆ. ಓನರ್ ಬೇಸಿಗೆಗೆ ಬೇರೆ ದೇಶಕ್ಕೆ ಹೋಗಿದ್ದ.

ಆರನೆಯ ವಾರ ನಾನು ಹೋದಾಗ ಜಮೀಲಾ ಕೆಂಡವಾಗಿದ್ದಳು. “ಕೋಳಿಗೂಡಲ್ಲಿ ಹಾಕಿದ ಹಾಗೆ ಆಗಿದೆ ನಂಗೆ. ಲಿಫ್ಟ್ ರಿಪೇರಿ ಮಾಡುದಿಲ್ಲ, ಕೆಳಗೆ ಒಂದು ರೂಮ್ ಕೊಡಿ ಅಂದ್ರೆ ಕೊಡುದಿಲ್ಲ. ಹೀಗೆ ಇರುದಕ್ಕಿಂತ ಸಾಯುದೇ ಒಳ್ಳೆದು ಮಾರಾಯ್ತಿ!”

ಇದು ಪೂರ್ತಿ ಮಾತು. ಇದರಿಂದ ಕೊನೆಯ ಸಾಲನ್ನು ಮಾತ್ರ ನಾನು ಮನೆಗೆ ತಂದೆ.

ಲಿಫ್ಟ್ ಮರೆತುಹೋಯಿತೇ ಎಂದು ಕೇಳುತ್ತೀರಾ? ಇಲ್ಲ. ಅದೇ ನಾಚಿಕೆ. ಮೊದಲ ಪ್ರತಿಯಲ್ಲಿ ಬರೆದಿದ್ದೆ. ಓದಿ ನೋಡಿದಾಗ ಸಾವಿನಂಥ ದೊಡ್ಡ ವಿಷಯದ ನಡುವೆ ಲಿಫ್ಟು, ಕಾವಲುಗಾರ ಎಲ್ಲ ಬಂದು ಗಾಂಭೀರ್ಯ ಕೆಡುತ್ತಿದೆ ಅನ್ನಿಸಿತು. ಕಾಂಪೊಸಿಷನ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರಲ್ಲ, ಬೇಡದ್ದನ್ನು ಕತ್ತರಿಸಿದರೆ ಬರವಣಿಗೆ ಹೊಳೆಯುತ್ತದೆ ಅಂತ. ಕತ್ತರಿಸಿದೆ. ಹೊಳೆಯಿತು. ಟ್ಯೂಷನ್ ಮಕ್ಕಳು ಹೋದರು, ಜೋಳದವನು ಹೋದ, ಸಮುದ್ರ ಹೋಯಿತು. ಉಳಿದದ್ದು ಮಂಚ, ಛಾವಣಿ, ಮತ್ತು ಸಾಯಬೇಕು ಎನ್ನುವ ಒಬ್ಬ ಶಾಂತಿ.

ಇನ್ನೂ ಒಂದು. ಆ ಏಳು ವಾರಗಳಲ್ಲಿ ನಾನು ಆ ಓನರನ ಆಫೀಸಿಗೆ ಒಂದು ಫೋನ್ ಮಾಡಲಿಲ್ಲ. ನಂಬರ್ ಕಟ್ಟಡದ ಬಾಗಿಲಲ್ಲೇ ಬರೆದಿತ್ತು. ಲಿಫ್ಟಿನ ಬಗ್ಗೆ ಒಂದು ಮಾತಾಡದವಳು ಮರಣದ ಬಗ್ಗೆ ಒಂದು ಪುಟ ಬರೆದೆ.

ಜಮೀಲಾ ಹನ್ನೆರಡು ದಿನ ಮೆಷಿನಿನಲ್ಲಿದ್ದಳು. ಹದಿಮೂರನೆಯ ದಿನ ಪೈಪ್ ತೆಗೆದರು. ಮತ್ತೆ ಹತ್ತು ದಿನಕ್ಕೆ ಮನೆಗೆ ಬಂದಳು. ಇಷ್ಟೂ ದಿನ ನಾನು ಈ ಅಂಕಣದಲ್ಲಿ ನಿಮಗೆ ಧೂಳುಗಾಳಿಯ ಬಗ್ಗೆ, ಮಿಡಿ ಉಪ್ಪಿನಕಾಯಿಯ ಬಗ್ಗೆ, ಏರ್‌ಪೋರ್ಟಿನಲ್ಲಿ ಸಿಕ್ಕ ಅಜ್ಜಿಯ ಬಗ್ಗೆ ಬರೆಯುತ್ತಿದ್ದೆ. ನೀವು ನಗುತ್ತಿದ್ದಿರಿ.

ಕಳೆದ ಭಾನುವಾರ ಹೋದೆ. ಕೇಕ್ ಇಲ್ಲದೆ.

ಬಾಗಿಲು ತೆರೆದ ಇಸ್ಮಾಯಿಲ್ “ಬನ್ನಿ” ಎಂದವರೇ ಟೀ ಮಾಡುವ ನೆಪದಲ್ಲಿ ಒಳಗೆ ಹೋದರು. ಜಮೀಲಾ ದಿಂಬಿಗೆ ಒರಗಿದ್ದಳು. ಕೆನ್ನೆ ಇಳಿದಿತ್ತು. ಹಸಿರು ಇಲಾಸ್ಟಿಕ್ ಬದಲು ಕಪ್ಪು ಬಂದಿತ್ತು. ಧ್ವನಿ ಎಲೆಯಷ್ಟು ತೆಳು.

“ಬಾ, ಬಾ. ಶಾಂತಿ ಇನ್ನೂ ಉಂಟು. ಬೇಜಾರು ಮಾಡ್ಕೊಳ್ಬೇಡ.”

ನಾನು ಅತ್ತೆ.

“ಅಳು ಆಮೇಲೆ. ಮೊದ್ಲು ಅದನ್ನು ತೆಗೀ,” ಎಂದು ಕಣ್ಣಿನಲ್ಲಿ ತೋರಿಸಿದಳು. ಮಂಚಕ್ಕೆ ಸಿಕ್ಕಿಸಿದ ಓದುವ ಸ್ಟ್ಯಾಂಡಿನಲ್ಲಿ ನನ್ನ ಲೇಖನದ ಪ್ರಿಂಟ್ ಇತ್ತು. ಹಲ್ಲಿನಲ್ಲಿ ಕಚ್ಚಿದ ಕೆಂಪು ಪೆನ್ಸಿಲ್ಲಿನ ಗುರುತು ಅದರ ತುಂಬ. ಕೆಲವು ಸುತ್ತು ಗುಂಡಗೆ ಬಂದಿರಲಿಲ್ಲ, ಆದರೆ ಒಂದೂ ಜಾಗ ತಪ್ಪಿರಲಿಲ್ಲ. ‘ಛಾವಣಿ’ಗೆ ಒಂದು ಸುತ್ತು. ‘ಕೂಡಿಹಾಕುವ’ ಎಂಬಲ್ಲಿ ಎರಡು. ಕೆಳಗೆ ಮಾರ್ಕು: ಹತ್ತಕ್ಕೆ ಎರಡು.

“ಎರಡು ಯಾಕೆ?” ಎಂದೆ.

“ಒಂದು ಸ್ಪೆಲ್ಲಿಂಗಿಗೆ. ಒಂದು ನೀನು ನನ್ನ ಫ್ರೆಂಡ್ ಅಂತ.” ಉಸಿರು ತೆಗೆದುಕೊಂಡಳು. “ಸ್ಟೆಪ್ಸ್ ಎಲ್ಲ ಬಿಟ್ಟು ಸೀದಾ ಆನ್ಸರ್ ಬರ್ದಿದ್ದೀ. ನಿನ್ನ ಮಗನಿಗೂ ಅದೇ ರೋಗ ಇತ್ತು. ನಾನು ಬಿಡಿಸಿದೆ.”

“ತಪ್ಪಾಯಿತು ಜಮೀಲಾ.”

“ಅದು ಗೊತ್ತಾಯ್ತು. ಈಗ ನಾನು ಕೇಳಿದ್ದಕ್ಕೆ ಉತ್ರ ಹೇಳು. ರಯಾನ್ ಒಂದು ದಿನ ಪರೀಕ್ಷೆಯಲ್ಲಿ ಫೇಲಾಗಿ ಬಂದು, ನಾನು ಸಾಯ್ತೇನೆ ಅಂದ್ರೆ ನೀನು ಎಂತ ಮಾಡ್ತೀ?”

“ಕೂರಿಸಿಕೊಂಡು ಮಾತಾಡ್ತೇನೆ. ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೇನೆ. ಒಬ್ಬನೇ ಇರಲಿಕ್ಕೆ ಬಿಡುದಿಲ್ಲ.”

“ನಿನ್ನ ಗಂಡ ಹೇಳಿದ್ರೆ?”

“ಅದೇ.”

“ನಾನು ಹೇಳಿದ್ರೆ ಪೇಪರಿಗೆ ಬರೀತೀ.”

ನಾನು ಆ ಪ್ರಿಂಟನ್ನು ಮಡಚಿದೆ.

“ನಂಗೂ ಕೆಲವು ದಿನ ಸಾಕು ಅನಿಸ್ತದೆ,” ಎಂದಳು. “ನಿಂಗೆ ಅನಿಸುದಿಲ್ವಾ? ನಿನ್ನ ಅತ್ತೆ ಬಂದು ಮೂರು ತಿಂಗಳು ಕೂತಾಗ ಸಾಯ್ತೇನೆ ಅಂತ ನನ್ನತ್ರ ಎಷ್ಟು ಸಲ ಹೇಳಿದ್ದೀ? ನಾನು ಯಾರಿಗಾದ್ರೂ ಬರ್ದು ಹಾಕಿದ್ನಾ, ಪಾಪ ಗ್ಲಾಡಿಸ್, ಇವಳನ್ನು ಕಳಿಸಿಕೊಡಿ ಅಂತ?”

(ನನ್ನ ಅತ್ತೆ ಈ ಅಂಕಣ ಓದುತ್ತಾರೆ. ಕ್ಷಮಿಸಿ ಮಾಮಿ. ಇವತ್ತು ಏನನ್ನೂ ಕತ್ತರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.)

“ನೀವೆಲ್ಲ ಹಕ್ಕು ಹಕ್ಕು ಅಂತೀರಿ. ನಾನು ಬ್ಯಾಂಕಿನ ಮೆಟ್ಲಿನ ಹತ್ರ ಒಂದು ರ‍್ಯಾಂಪ್ ಹಾಕಿ ಅಂತ ಆರು ವರ್ಷದಿಂದ ಹೇಳ್ತೇನೆ. ಅದು ನನ್ನ ಹಕ್ಕು ಅಂತ ಯಾರೂ ಹೇಳುದಿಲ್ಲ. ಆಗುದಿಲ್ಲ, ಸಾರಿ ಮೇಡಂ ಅಂತಾರೆ. ಶಾಲೆಯವರಿಗೆ ನಾನು ಕುರ್ಚಿಯಲ್ಲೇ ಬಂದು ಪಾಠ ಮಾಡ್ತೇನೆ ಅಂದೆ, ಮಕ್ಕಳು ಹೆದರ್ತಾರೆ ಅಂದ್ರು. ಹೆದರ್ತಾರಾ ನಿನ್ನ ಮಗ? ಸಾಯುದು ಅಂದ ಕೂಡ್ಲೇ ಮಾತ್ರ ಎಲ್ಲರಿಗೂ ನನ್ನ ಹಕ್ಕಿನ ನೆನಪಾಗ್ತದೆ. ಆ ಒಂದೇ ಬಾಗಿಲಿಗೆ ಎಷ್ಟು ಬೇಗ ರ‍್ಯಾಂಪ್ ಕಟ್ತೀರಿ ಮಾರಾಯ್ತಿ!”

ಒಳಗೆ ಇಸ್ಮಾಯಿಲ್ ಟೀ ಸೋಸುವ ಸದ್ದು ನಿಂತಿತ್ತು.

“ಹಾಗಾದರೆ ತೀರಾ ನೋವಿನಲ್ಲಿರುವವರು, ಕೊನೆಯ ದಿನಗಳಲ್ಲಿರುವವರು…” ಎಂದು ಶುರುಮಾಡಿದೆ. ಎರಡು ತಿಂಗಳು ಓದಿಕೊಂಡ ವಾದ ಬಾಯಿಗೆ ಬಂದುಬಿಟ್ಟಿತು.

“ಅವರ ಬಗ್ಗೆ ಅವರತ್ರ ಕೇಳು. ನಂಗೆ ಗೊತ್ತಿಲ್ಲ. ನಿಂಗೆ ಗೊತ್ತುಂಟಾ?”

ನನಗೂ ಗೊತ್ತಿಲ್ಲ. ದಯಾಮರಣ ಬೇಕೋ ಬೇಡವೋ, ಕಾನೂನು ಏನು ಹೇಳಬೇಕು, ಇವತ್ತು ನನ್ನಿಂದ ಒಂದು ಸಾಲು ಬರೆಯಲಾಗುವುದಿಲ್ಲ. ಗೊತ್ತಾಗಿರುವುದು ಇಷ್ಟೇ. ‘ಆಯ್ಕೆ’ ಎಂದು ನಾನು ಅಷ್ಟು ಚೆಂದಕ್ಕೆ ಬರೆದ ಪದ ಆಸ್ಪತ್ರೆಯ ಕಾರಿಡಾರಿಗೆ ಹೋದಾಗ ಜಮೀಲಾಳ ಕೈಯಲ್ಲಿರಲಿಲ್ಲ. ಆಕೆಗೆ ಎಚ್ಚರವೇ ಇರಲಿಲ್ಲ. ಅದು ಇಸ್ಮಾಯಿಲರ ಕೈಯಲ್ಲಿತ್ತು, ಅವರ ಅಣ್ಣನ ಕೈಯಲ್ಲಿತ್ತು, ಒಗ್ಗರಣೆ ಹಾಕುತ್ತಾ ನಿಂತಿದ್ದ ನನ್ನ ಕೈಯಲ್ಲಿತ್ತು. ನಾವೆಲ್ಲ ಆಕೆಯನ್ನು ಪ್ರೀತಿಸುವವರೇ. ಅಣ್ಣನೂ ಕೆಟ್ಟವರಲ್ಲ. ಆರು ವರ್ಷದಿಂದ ಪ್ರತಿ ವಾರ ಆಕೆಗೆ ಮೀನು ತಂದುಕೊಡುವವರು. ಅವರಿಗೆ ಕರುಣೆಯಿತ್ತು. ಕರುಣೆಗೆ ಬೇಕಾದ ಸಾಕ್ಷಿ ನನ್ನ ಲೇಖನ ಒದಗಿಸಿತು.

ಮತ್ತೆ ಬರೆಯಲಾ ಎಂದು ಕೇಳಿದೆ.

“ಬರಿ. ಹೆಸರು ಹಾಕು. ಶಾಂತಿ ಅಂತೆ! ನಮ್ಮ ಮನೆಯಲ್ಲಿ ಕೇಳು ನಾನೆಷ್ಟು ಶಾಂತಿ ಅಂತ.”

“ಶಾಂತಿಯಾ? ಲಾಹೌಲ!” ಎಂದು ಒಳಗಿನಿಂದಲೇ ದೇವರನ್ನು ಕರೆದರು ಇಸ್ಮಾಯಿಲ್. ನಾವು ಮೂವರೂ ನಕ್ಕೆವು. ನಕ್ಕು ಆಕೆಗೆ ಕೆಮ್ಮು ಬಂತು. ಇಸ್ಮಾಯಿಲ್ ಓಡಿಬಂದು ಬೆನ್ನಿಗೆ ಕೈಕೊಟ್ಟು, ಎರಡೂ ಅಂಗೈಗಳಿಂದ ಪಕ್ಕೆಲುಬಿನ ಕೆಳಗೆ ಒತ್ತಿ, ಆಕೆಯ ಬದಲು ಅವರೇ ಕೆಮ್ಮುವ ಹಾಗೆ ಕೆಮ್ಮಿಸಿದರು. ದಿನಕ್ಕೆ ಎಂಟು ಹತ್ತು ಸಲ ಮಾಡುತ್ತಾರಂತೆ. ಆರು ವರ್ಷ ಬಂದುಹೋಗುತ್ತಿದ್ದರೂ ಇದನ್ನು ನಾನು ಗಮನಿಸಿರಲಿಲ್ಲ. ಇಲಾಸ್ಟಿಕ್ಕಿನ ಬಣ್ಣ ಗಮನಿಸಿದ್ದೆ.

ಟೀ ಕುಡಿದೆ. ಮಕ್ಕಳು ಬರುವ ಹೊತ್ತಾಯಿತು. ಏಳುವಾಗ ಜಮೀಲಾ ತೆಳು ಧ್ವನಿಯಲ್ಲಿ ಕರೆದಳು.

“ಗ್ಲಾಡಿ. ಆ ದಿನ ಇವರು ಫೋನ್ ಮಾಡಿದಾಗ ನೀನು ತುಂಬಾ ಹೊತ್ತು ಸುಮ್ನೆ ಇದ್ದಿಯಂತೆ. ಫೋನ್ ಕಟ್ಟಾಯ್ತಾ ಅಂತ ಇವರು ನೋಡಿದ್ರಂತೆ.”

ಆರು ವರ್ಷದಿಂದ ಮಕ್ಕಳ ತಪ್ಪು ಹುಡುಕಿದ ಆ ಕಣ್ಣುಗಳು ನನ್ನ ಮುಖದ ಮೇಲಿದ್ದವು. ಸಾಸಿವೆ ಸೀದು ಕಪ್ಪಾಗುವಷ್ಟು ಹೊತ್ತು ನಾನು ಯೋಚಿಸುತ್ತಿದ್ದುದು ಇಷ್ಟು: ‘ಹೌದು, ಹೇಳಿದ್ದಳು’ ಎಂದುಬಿಡಲೇ? ಬರೆದದ್ದು ಸುಳ್ಳಾಗುವುದಿಲ್ಲ. ಇಸ್ಮಾಯಿಲರಿಗೂ ಬಿಡುಗಡೆ. ಜಮೀಲಾಗೂ… ಪಾಪ.

“ಲೈನ್ ಸರಿ ಇರಲಿಲ್ಲ,” ಎಂದೆ.

“ಹೌದಾ,” ಎಂದಳು.

ಈ ಬರಹ ಅಚ್ಚಾದ ದಿನವೇ ಆಕೆ ಓದುತ್ತಾಳೆ, ಕೆಂಪು ಪೆನ್ಸಿಲ್ ಕಚ್ಚಿಕೊಂಡು. ಆದ್ದರಿಂದ ಇದನ್ನೂ ಕತ್ತರಿಸದೆ ಬರೆಯುತ್ತಿದ್ದೇನೆ.

ಲೈನ್ ಸರಿಯಾಗಿತ್ತು, ಜಮೀಲಾ.